ಓದದೆ ಸಹಿ ಹಾಕಿದ ಮುಚ್ಚಳಿಕೆ



ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಕಾಲೇಜು ಪ್ರವೇಶದ ಗಡಿಬಿಡಿ. ಅರ್ಜಿ, ಅಂಕಪಟ್ಟಿ, ಟಿ.ಸಿ., ಆದಾಯ ಪ್ರಮಾಣಪತ್ರ, ನಾಲ್ಕು ಫೋಟೋ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಕೊಂಡು ಹೆತ್ತವರು ಕಾಲೇಜಿನ ಕಚೇರಿಯ ಮುಂದೆ ಸಾಲು ನಿಲ್ಲುತ್ತಾರೆ. ಶುಲ್ಕ ಕಟ್ಟಿಯಾದ ಮೇಲೆ ಗುಮಾಸ್ತರು ಇನ್ನೊಂದು ಹಾಳೆಯನ್ನು ಮುಂದಿಡುತ್ತಾರೆ. "ಇಲ್ಲೊಂದು ಸಹಿ, ಕೆಳಗೊಂದು ಸಹಿ." ನಾವು ಹಾಕುತ್ತೇವೆ. ಆ ಹಾಳೆಯಲ್ಲಿ ಏನಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಬೇರೆಯವರ ಮಾತು ಬಿಡಿ, ನಾನೇ ಓದಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮದ್ರಸದಲ್ಲಿ ನನ್ನ ಬಳಿ ಕಲಿತ ಹುಡುಗನೊಬ್ಬ ಖಾಸಗಿ ಕಾಲೇಜೊಂದರಲ್ಲಿ ಪದವಿಗೆ ಸೇರಿದ. ತಂದೆ ಗಲ್ಫಿನಲ್ಲಿದ್ದುದರಿಂದ ಪೋಷಕರ ಜಾಗದಲ್ಲಿ ಸಹಿ ಹಾಕಲು ನನ್ನನ್ನೇ ಕರೆದುಕೊಂಡು ಹೋಗಿದ್ದ. ಎರಡನೆಯ ವರ್ಷದಲ್ಲಿ ಅವನ ಹಾಸ್ಟೆಲಿನ ಕುಡಿಯುವ ನೀರಿನ ಫಿಲ್ಟರ್ ಕೆಟ್ಟಿತು. ಹುಡುಗರು ವಾರ್ಡನ್‌ಗೆ ಹೇಳಿದರು, ಆಗಲಿಲ್ಲ. ಮತ್ತೆ ಹೇಳಿದರು, ಆಗಲಿಲ್ಲ. ಇಬ್ಬರು ಹುಡುಗರು ಕಾಮಾಲೆಯಾಗಿ ಊರಿಗೆ ಹೋದ ಮೇಲೆ ಇವನು ಒಂದು ಮನವಿ ಬರೆದು, ಹಾಸ್ಟೆಲಿನ ಗೆಳೆಯರ ಸಹಿ ಪಡೆದು ಪ್ರಾಂಶುಪಾಲರಿಗೆ ಕೊಟ್ಟ. ಅದರ ಫೋಟೋ ಯಾರದೋ ಮೊಬೈಲಿನಿಂದ ಹೊರಗೆ ಹೋಯಿತು. ಮರುವಾರ ಅವನ ಮನೆಗೆ ಪತ್ರ ಬಂತು. ಸಂಸ್ಥೆಯ ಹೆಸರಿಗೆ ಮಸಿ ಬಳಿದುದಕ್ಕಾಗಿ ಹದಿನೈದು ದಿನ ಅಮಾನತು. ಪೋಷಕರೊಂದಿಗೆ ಬಂದು ಲಿಖಿತ ಕ್ಷಮೆ ಕೇಳಿದರೆ ಮಾತ್ರ ತರಗತಿಗೆ ಪ್ರವೇಶ.

ಹುಡುಗನ ಉಮ್ಮ ಅಳುತ್ತಾ ಬಂದರು. "ಉಸ್ತಾದರೇ, ನಿಮ್ಮ ಮಾತು ಕೇಳುತ್ತಾನೆ. ಒಂದು ಕ್ಷಮೆ ಬರೆದುಕೊಡಲು ಹೇಳಿ. ಅವನ ಉಪ್ಪ ಅಲ್ಲಿ ಬಿಸಿಲಲ್ಲಿ ದುಡಿದು ಕಟ್ಟಿದ ಫೀಸು."

ನಾನು ಹುಡುಗನನ್ನು ಕರೆಸಿದೆ. ಅವನು ತಲೆ ತಗ್ಗಿಸಿಯೇ ಕೇಳಿದ: "ಉಸ್ತಾದ್, ನಾನು ಬರೆದದ್ದು ಸುಳ್ಳಾಗಿದ್ದರೆ ಕ್ಷಮೆ ಕೇಳುತ್ತೇನೆ. ನೀರು ಕೆಟ್ಟದ್ದು ನಿಜವಲ್ಲವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಅವನನ್ನು ಕರೆದುಕೊಂಡು ಹೋದೆ. ಪ್ರಾಂಶುಪಾಲರು ಸಿಟ್ಟಾಗಲಿಲ್ಲ, ಬಹಳ ಮರ್ಯಾದೆಯಿಂದಲೇ ಮಾತನಾಡಿದರು. ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ವಿದ್ಯಾರ್ಥಿಯು ಯಾವುದೇ ಸಂಘ, ಸಭೆ, ಸಹಿ ಸಂಗ್ರಹ ಅಥವಾ ಪ್ರತಿಭಟನೆಯಲ್ಲಿ ಭಾಗವಹಿಸತಕ್ಕದ್ದಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಅಡಿಯಲ್ಲಿ ನನ್ನದೇ ಸಹಿ. ಹುಡುಗ ಒಮ್ಮೆ ಸಹಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಮತ್ತೆ ಮಾತಾಡದೆ ಕ್ಷಮಾಪಣೆ ಬರೆದುಕೊಟ್ಟ.

ಮುಂದಿನ ತಿಂಗಳು ಫಿಲ್ಟರ್ ದುರಸ್ತಿಯಾಯಿತು. ಹುಡುಗ ಪದವಿಯನ್ನೂ ಮುಗಿಸಿದ. ಆದರೆ ಮದ್ರಸದಲ್ಲಿ ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದವನು ಆಮೇಲೆ ಯಾರ ಎದುರೂ ಏನನ್ನೂ ಕೇಳುವುದನ್ನು ನಾನು ಕಂಡಿಲ್ಲ. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಮಕ್ಕಳನ್ನು ಖಾಸಗಿ ಕಾಲೇಜಿಗೆ ಸೇರಿಸುವುದೆಂದರೆ ಅವರ ನಾಲಗೆಯನ್ನೂ ಕಾಲೇಜಿಗೆ ಬರೆದುಕೊಡುವುದೇ?

ಹೆತ್ತವರ ಭಯಕ್ಕೂ ಕಾರಣವಿದೆ

'ಓದಲು ಹೋದವರಿಗೆ ರಾಜಕೀಯವೇಕೆ?' ಎಂದು ಹಿರಿಯರು ಕೇಳುವುದರಲ್ಲಿ ಅರ್ಥವಿಲ್ಲವೆಂದು ನಾನು ಹೇಳುವುದಿಲ್ಲ. ವಿದ್ಯಾರ್ಥಿ ರಾಜಕೀಯ ಅತ್ಯಂತ ಬಿಸಿಯಾಗಿರುವ ರಾಜ್ಯ ನಮ್ಮ ನೆರೆಯ ಕೇರಳ. ಅಲ್ಲಿ ಮುಷ್ಕರಗಳಿಂದ ತರಗತಿ ನಿಂತದ್ದನ್ನು, ಗುಂಪುಗಳ ಹೊಡೆದಾಟವನ್ನು ದಶಕಗಳಿಂದ ಕಾಣುತ್ತಾ ಬಂದಿದ್ದೇವೆ. 2018ರ ಜುಲೈ ಮೊದಲ ವಾರದಲ್ಲಿ ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಗೋಡೆ ಬರಹದ ವಿಷಯದಲ್ಲಿ ಎದ್ದ ಜಗಳ ಇಪ್ಪತ್ತು ವರ್ಷದ ಒಬ್ಬ ಬಡ ವಿದ್ಯಾರ್ಥಿಯ ಕೊಲೆಯಲ್ಲಿ ಮುಗಿಯಿತು. ಆರೋಪ ಬಂದದ್ದು ನಮ್ಮ ಸಮುದಾಯದ ಹೆಸರಿನಲ್ಲಿ ಸಂಘಟನೆ ಕಟ್ಟಿದವರ ಮೇಲೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಒಂದು ಗೋಡೆ, ಒಂದು ಡಬ್ಬಿ ಬಣ್ಣ, ಅದಕ್ಕೊಂದು ಜೀವ! ಅದು ಸರಕಾರಿ ಕಾಲೇಜು. ಆದರೂ ಅಂಥ ಸುದ್ದಿ ಓದಿದ ಯಾವ ತಾಯಿ ತಾನೇ ತನ್ನ ಮಗ ಕಾಲೇಜಿನಲ್ಲಿ ಬಾವುಟ ಹಿಡಿಯಲಿ ಎಂದು ಬಯಸುತ್ತಾಳೆ?

ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಅದೇ ಕೇರಳದಲ್ಲಿ. ಪಾಲಾ ಎಂಬ ಊರಿನ ಖಾಸಗಿ ಕಾಲೇಜೊಂದರಲ್ಲಿ ವಿದ್ಯಾರ್ಥಿ ಸಂಘಟನೆಯ ಮುಂದಾಳುವಾಗಿದ್ದ ವಿದ್ಯಾರ್ಥಿಗೆ ಹಾಜರಾತಿ ಕಡಿಮೆಯೆಂದು ಪರೀಕ್ಷೆಗೆ ಕೂರಲು ಬಿಡಲಿಲ್ಲ. ಪ್ರಕರಣ ಹೈಕೋರ್ಟಿಗೆ ಹೋಯಿತು. ಕ್ಯಾಂಪಸ್ಸಿನ ಒಳಗೆ ರಾಜಕೀಯ ಚಟುವಟಿಕೆಯನ್ನು ನಿಷೇಧಿಸಲು ಕಾಲೇಜಿಗೆ ಅಧಿಕಾರವಿದೆ ಎಂದು 2003ರಲ್ಲಿ ಕೇರಳ ಹೈಕೋರ್ಟ್ ತೀರ್ಪಿತ್ತಿತು. 2017ರ ಅಕ್ಟೋಬರ್‌ನಲ್ಲಿ ಪೊನ್ನಾನಿಯ ಎಂ.ಇ.ಎಸ್. ಕಾಲೇಜಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಕಟುವಾಗಿ ಮಾತನಾಡಿತು. ಧರಣಿ, ಉಪವಾಸ ಮುಷ್ಕರಗಳಿಗೆ ವಿದ್ಯಾಸಂಸ್ಥೆಯಲ್ಲಿ ಜಾಗವಿಲ್ಲ, ಅಂಥವರನ್ನು ಹೊರಹಾಕಬಹುದು ಎಂದಿತು. ಎಂ.ಇ.ಎಸ್. ಎಂದರೆ 1964ರಲ್ಲಿ ಕೋಝಿಕ್ಕೋಡಿನಲ್ಲಿ ಹುಟ್ಟಿದ ಮುಸ್ಲಿಮ್ ಎಜುಕೇಶನಲ್ ಸೊಸೈಟಿ. ಸಾವಿರಾರು ಬಡ ಮಕ್ಕಳಿಗೆ ವಿದ್ಯೆ ಕೊಟ್ಟ, ನಮ್ಮವರೇ ಕಟ್ಟಿದ ಸಂಸ್ಥೆ. ಅಂದರೆ ಇದು ಯಾರೋ 'ಅವರು' ಮತ್ತು 'ನಾವು' ಎಂಬ ಜಗಳವಲ್ಲ. ನಮ್ಮ ಮಕ್ಕಳು ಒಂದು ಕಡೆ, ನಮ್ಮದೇ ಆಡಳಿತ ಮಂಡಳಿ ಇನ್ನೊಂದು ಕಡೆ ನಿಲ್ಲಬಹುದಾದ ವಿಷಯ.

2020ರ ಫೆಬ್ರವರಿ 26ರಂದು ಕೇರಳ ಹೈಕೋರ್ಟ್ ಮತ್ತೊಂದು ಆದೇಶ ನೀಡಿ, ತರಗತಿಗಳಿಗೆ ಅಡ್ಡಿಯಾಗುವ ಮುಷ್ಕರ, ಘೇರಾವ್, ಮೆರವಣಿಗೆಗಳನ್ನು ತಡೆಯಿತು. ಆದರೆ ಅದರಲ್ಲೊಂದು ಕಿಟಕಿ ತೆರೆದಿತ್ತು. ಶಾಂತವಾದ ಚರ್ಚೆಗೆ, ವಿಚಾರ ವಿನಿಮಯಕ್ಕೆ ಕ್ಯಾಂಪಸ್ಸಿನಲ್ಲಿ ಅವಕಾಶವಿರಬಹುದು ಎಂದು ಅದು ಒಪ್ಪಿಕೊಂಡಿತು. ಬಾಗಿಲು ಮುಚ್ಚಿದ ಸುದ್ದಿ ಎಲ್ಲರಿಗೂ ತಲುಪಿತು, ಕಿಟಕಿಯ ಸುದ್ದಿ ಯಾರಿಗೂ ತಲುಪಲಿಲ್ಲ.

ಹದಿನೆಂಟಕ್ಕೆ ಮತ, ಆದರೆ ಮಾತಿಲ್ಲ

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ 1980ರ ದಶಕದ ಕೊನೆಯ ಹೊತ್ತಿಗೆ ನಿಂತಿತು. ಚುನಾವಣೆಯ ಹೆಸರಿನಲ್ಲಿ ನಡೆಯುತ್ತಿದ್ದ ಹಿಂಸೆಯೇ ಅದಕ್ಕೆ ಕೊಟ್ಟ ಕಾರಣ. ವಿಪರ್ಯಾಸ ನೋಡಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1989ರ ಮಾರ್ಚ್ 28ರಂದು ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ದೇಶದ ಪ್ರಧಾನಿಯನ್ನು ಆರಿಸಲು ಯೋಗ್ಯನಾದ ಹುಡುಗ ತನ್ನ ಹಾಸ್ಟೆಲಿನ ನೀರಿನ ಬಗ್ಗೆ ಮಾತನಾಡಲು ಅಯೋಗ್ಯನಾದ!

ಅದರ ನಂತರದ ವರ್ಷಗಳಲ್ಲಿ ಖಾಸಗಿ ಕಾಲೇಜುಗಳು ಊರೂರಿಗೆ ಬಂದವು. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ವಿದ್ಯಾಸಂಸ್ಥೆಯನ್ನು ಕಟ್ಟಿ ನಡೆಸುವುದು ಖಾಸಗಿಯವರ ಹಕ್ಕು ಎಂದು ಸಾರಿತು. ಅಲ್ಪಸಂಖ್ಯಾತರ ಸಂಸ್ಥೆಗಳಿಗೂ ಆ ತೀರ್ಪಿನಿಂದ ಬಲ ಬಂತು. ಆ ಹಕ್ಕು ನಮಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಲೇಜು ನಡೆಸುವವರು ಶಿಸ್ತಿನ ನಿಯಮ ಮಾಡಬಾರದೆಂದರೆ ಅದು ಸಂತೆಯಾದೀತು. ತರಗತಿಯ ಹೊತ್ತಿನಲ್ಲಿ ಘೋಷಣೆ ಕೂಗಬೇಡಿ, ಗೋಡೆಗೆ ಬಣ್ಣ ಬಳಿಯಬೇಡಿ, ಬೇರೆಯವರನ್ನು ಬಲವಂತದಿಂದ ಎಬ್ಬಿಸಬೇಡಿ, ಸಭೆಗೆ ಮೊದಲು ತಿಳಿಸಿ ಎನ್ನುವುದು ನ್ಯಾಯವೇ. ಆದರೆ 'ಎಲ್ಲಿ ಮಾತನಾಡಬೇಕು, ಯಾವಾಗ ಮಾತನಾಡಬೇಕು' ಎಂದು ಹೇಳುವುದು ಬೇರೆ, 'ಮಾತನಾಡಲೇಬಾರದು' ಎಂದು ಹೇಳುವುದು ಬೇರೆ. ನಾನು ಓದದೆ ಸಹಿ ಹಾಕಿದ ಮುಚ್ಚಳಿಕೆ ಈ ಎರಡನೆಯ ಬಗೆಯದು.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯವನ್ನೂ, ಆಯುಧವಿಲ್ಲದೆ ಶಾಂತವಾಗಿ ಸಭೆ ಸೇರುವ ಹಕ್ಕನ್ನೂ, ಸಂಘ ಕಟ್ಟುವ ಹಕ್ಕನ್ನೂ ನಾಗರಿಕರಿಗೆ ಕೊಟ್ಟಿದೆ. ಸಮಂಜಸವಾದ ನಿರ್ಬಂಧಗಳಿಗೂ ಅದರಲ್ಲೇ ಜಾಗವಿದೆ. ಆದರೆ ಈ ಹಕ್ಕುಗಳನ್ನು ಮುಖ್ಯವಾಗಿ ಸರಕಾರದ ವಿರುದ್ಧ ಕೇಳುವ ಹಕ್ಕುಗಳೆಂದೇ ಬಹಳ ಕಾಲ ತಿಳಿಯಲಾಗಿತ್ತು. 'ನಮ್ಮದು ಖಾಸಗಿ ಸಂಸ್ಥೆ, ಇಷ್ಟವಿದ್ದರೆ ಇರಿ, ಇಲ್ಲವಾದರೆ ಟಿ.ಸಿ. ತೆಗೆದುಕೊಳ್ಳಿ' ಎಂಬ ಮಾತಿನ ಬಲ ಇರುವುದು ಅಲ್ಲಿ.

ಆ ಬಲಕ್ಕೂ ಮಿತಿಯಿದೆ. 1985ರ ಜುಲೈಯಲ್ಲಿ ಕೇರಳದಲ್ಲಿ ಖಾಸಗಿ ಸಂಸ್ಥೆಯೊಂದು ನಡೆಸುತ್ತಿದ್ದ ಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದ ಆ ಮಕ್ಕಳು ರಾಷ್ಟ್ರಗೀತೆಯ ಹೊತ್ತಿನಲ್ಲಿ ಎಲ್ಲರಂತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣದಿಂದ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಬಿಜೋ ಇಮ್ಮಾನುಯೆಲ್ ಪ್ರಕರಣವೆಂದು ಪ್ರಸಿದ್ಧವಾದ ಆ ತೀರ್ಪಿನಿಂದ, ಮಾತನಾಡುವ ಸ್ವಾತಂತ್ರ್ಯದೊಳಗೆ ಸುಮ್ಮನಿರುವ ಸ್ವಾತಂತ್ರ್ಯವೂ ಸೇರಿದೆ ಎಂಬುದು ಗಟ್ಟಿಯಾಯಿತು. ಮಕ್ಕಳು ಶಾಲೆಗೆ ಸೇರಿದ ಮಾತ್ರಕ್ಕೆ ಅವರ ಮನಸ್ಸಾಕ್ಷಿ ಶಾಲೆಯ ಸೊತ್ತಾಗುವುದಿಲ್ಲ ಎಂದೇ ಇದರ ಅರ್ಥ.

ಇತ್ತೀಚಿನ ಇನ್ನೊಂದು ತೀರ್ಪನ್ನೂ ಗಮನಿಸಬೇಕು. 2023ರ ಜನವರಿ 3ರಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಸರಕಾರವಲ್ಲದವರ ವಿರುದ್ಧವೂ ಕೇಳಬಹುದು ಎಂದು ಬಹುಮತದಿಂದ ಹೇಳಿತು. ಇದರಿಂದ ಪ್ರತಿಯೊಂದು ಖಾಸಗಿ ಕಾಲೇಜಿನ ನಿಯಮವೂ ಬಿದ್ದುಹೋಗುವುದಿಲ್ಲ. ಆದರೆ 'ಖಾಸಗಿ' ಎಂಬ ಒಂದೇ ಪದದಿಂದ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುವ ಕಾಲ ಮುಗಿಯುತ್ತಾ ಬಂದಿದೆ.

ಹಾಗಾದರೆ ಹಿಂಸೆಯೂ ಇಲ್ಲದ, ಮೌನವೂ ಅಲ್ಲದ ಒಂದು ದಾರಿ ಇದೆಯೇ? ಇದೆ. ಕೇರಳದ ಕಾಲೇಜುಗಳ ಪ್ರಾಂಶುಪಾಲರ ಪ್ರಕರಣವೇ ಮುಂದೆ ಸುಪ್ರೀಂ ಕೋರ್ಟಿಗೆ ಹೋದಾಗ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ನೇತೃತ್ವದಲ್ಲಿ ಸಮಿತಿಯೊಂದು ರಚನೆಯಾಯಿತು. ಅದು 2006ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಶಿಫಾರಸುಗಳನ್ನು ಜಾರಿಗೊಳಿಸಲು ಹೇಳಿತು. ಅದರಲ್ಲಿರುವುದು ಬಹಳ ಸರಳ. ಕಾಲೇಜುಗಳು ಸಾಮಾನ್ಯವಾಗಿ ವಿದ್ಯಾರ್ಥಿ ಪ್ರತಿನಿಧಿಗಳ ಚುನಾವಣೆ ನಡೆಸಬೇಕು. ವಾತಾವರಣ ಸರಿಯಿಲ್ಲದ ಕಡೆ ತಾತ್ಕಾಲಿಕವಾಗಿ ನಾಮಕರಣ ಮಾಡಬಹುದು. ಪದವಿ ವಿದ್ಯಾರ್ಥಿಯಾದರೆ ಅಭ್ಯರ್ಥಿಯ ವಯಸ್ಸು 17ರಿಂದ 22, ಹಾಜರಾತಿ ಶೇಕಡಾ 75, ಖರ್ಚು 5,000 ರೂಪಾಯಿ ಮೀರಬಾರದು. ಮುದ್ರಿತ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಸಾಕು. ರಾಜಕೀಯ ಪಕ್ಷಗಳ ಹಣ, ಹಸ್ತಕ್ಷೇಪ ಬೇಡ. ಹೆತ್ತವರ ಭಯಕ್ಕೆ ಉತ್ತರ ಇದರಲ್ಲಿದೆ, ಮಕ್ಕಳ ಹಕ್ಕಿಗೂ ಜಾಗ ಇದರಲ್ಲಿದೆ. ಓದುವವನೇ ನಾಯಕನಾಗಲಿ, ಹಣವುಳ್ಳವನು ಅಲ್ಲ ಎಂಬುದೇ ಇದರ ತಿರುಳು.

ಗುರುವಿಗೆ ಎದುರಾಡುವುದೂ ಗುರುಭಕ್ತಿಯೇ?

'ದೊಡ್ಡವರಿಗೆ ಎದುರು ಮಾತನಾಡಬಾರದು' ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದಬ್ ಎಂದರೆ ಮೌನ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಮದ್ರಸದಲ್ಲಿ ನಾವು ಓದಿದ ಚರಿತ್ರೆ ಬೇರೆಯೇ ಹೇಳುತ್ತದೆ. ಇಮಾಮ್ ಶಾಫಿಈ ಮದೀನಾದಲ್ಲಿ ಇಮಾಮ್ ಮಾಲಿಕರ ಶಿಷ್ಯರು. ಗುರುವಿನ ಬಗ್ಗೆ ಅವರಿಗಿದ್ದ ಗೌರವ ಎಲ್ಲರಿಗೂ ಗೊತ್ತಿರುವಂಥದ್ದು. ಆದರೂ ಎಷ್ಟೋ ವಿಷಯಗಳಲ್ಲಿ ಅವರು ಗುರುವಿನಿಂದ ಬೇರೆ ಅಭಿಪ್ರಾಯ ತಾಳಿದರು, ಅದರಿಂದ ಒಂದು ಮದ್‌ಹಬ್ಬೇ ಬೆಳೆಯಿತು. ಇಮಾಮ್ ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರ ಭಿನ್ನಾಭಿಪ್ರಾಯಗಳು ಹನಫೀ ಗ್ರಂಥಗಳಲ್ಲಿ ಗುರುವಿನ ಅಭಿಪ್ರಾಯದ ಪಕ್ಕದಲ್ಲೇ ಇವೆ. ಅವನ್ನು ಯಾರೂ ಅಳಿಸಿ ಹಾಕಲಿಲ್ಲ, ಶಿಷ್ಯರಿಂದ ಕ್ಷಮಾಪಣೆ ಬರೆಸಿಕೊಳ್ಳಲೂ ಇಲ್ಲ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ 'ಶೂರಾ', ಅಂದರೆ ಸಮಾಲೋಚನೆ ಎಂದೇ ಹೆಸರಿದೆ.

ಹಾಗೆಂದು ಎದುರಾಡುವುದೆಲ್ಲ ಸತ್ಯವಲ್ಲ, ಇದನ್ನು ವಿದ್ಯಾರ್ಥಿಗಳೂ ನೆನಪಿಡಬೇಕು. ಆ ಶಿಷ್ಯರು ಮೊದಲು ವರ್ಷಗಟ್ಟಲೆ ಕುಳಿತು ಕಲಿತರು, ಆಮೇಲೆ ಪುರಾವೆಯೊಂದಿಗೆ ಮಾತನಾಡಿದರು. ಯಾವುದೋ ಪಕ್ಷದ ನಾಯಕ ಬರೆದುಕೊಟ್ಟ ಘೋಷಣೆಯನ್ನು ಅರ್ಥ ತಿಳಿಯದೆ ಕೂಗುವುದು ಸ್ವಾತಂತ್ರ್ಯವಲ್ಲ, ಅದೂ ಒಂದು ಗುಲಾಮಗಿರಿ. ಇನ್ನೊಬ್ಬನ ಮಾತನ್ನು ಕೇಳಲು ಸಿದ್ಧನಿಲ್ಲದವನಿಗೆ ತನ್ನ ಮಾತಿನ ಹಕ್ಕಿಗಾಗಿ ಹೋರಾಡುವ ನೈತಿಕತೆಯೂ ಇಲ್ಲ. ಒಂದು ಸಂಘಟನೆಯ ಬಾವುಟ ಹಾರಿದ ಜಾಗದಲ್ಲಿ ಇನ್ನೊಂದರದು ಹಾರಬಾರದು ಎನ್ನುವವರು, ಎಲ್ಲ ಬಾವುಟಗಳನ್ನೂ ಇಳಿಸಿಬಿಡಿ ಎನ್ನುವ ಆಡಳಿತ ಮಂಡಳಿಗೆ ತಾವೇ ನೆಪ ಕೊಡುತ್ತಾರೆ.

ಹೆತ್ತವರು ಏನು ಮಾಡಬಹುದು?

ಮೊದಲನೆಯದಾಗಿ, ಮುಚ್ಚಳಿಕೆಯನ್ನು ಓದಿ. ಕೌಂಟರಿನಲ್ಲಿ ನಿಂತಲ್ಲ, ಮನೆಗೆ ತಂದು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅದರ ಒಂದು ಪ್ರತಿ ನಿಮ್ಮಲ್ಲಿರಲಿ. ಅರ್ಥವಾಗದ ನಿಯಮವಿದ್ದರೆ 'ಇದರ ಅರ್ಥವೇನು, ದೂರು ಕೊಡುವುದೂ ಇದರಲ್ಲಿ ಬರುತ್ತದೆಯೇ?' ಎಂದು ಲಿಖಿತವಾಗಿ ಕೇಳಿ.

ಎರಡನೆಯದಾಗಿ, ದೂರಿಗೆ ದಾರಿಯಿದೆ ಎಂದು ಮಕ್ಕಳಿಗೆ ತಿಳಿಸಿ. ಯು.ಜಿ.ಸಿ. 2023ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು, ವಿದ್ಯಾರ್ಥಿಗಳ ಪ್ರತಿನಿಧಿಯೊಬ್ಬರನ್ನು ವಿಶೇಷ ಆಹ್ವಾನಿತರಾಗಿ ಕರೆಯಬೇಕು. ದೂರು ಬಂದ ಮೇಲೆ ಸಾಧ್ಯವಾದಷ್ಟು 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದರಿಂದ ತೃಪ್ತಿಯಾಗದಿದ್ದರೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಮೂಲ ಅಂಕಪಟ್ಟಿಗಳನ್ನು ಕೊಡದೆ ಸತಾಯಿಸುವುದೂ ದೂರಿನ ವಿಷಯವೇ. 'ಮಾತಾಡಿದರೆ ಸರ್ಟಿಫಿಕೇಟ್ ಸಿಗುವುದಿಲ್ಲ' ಎಂಬ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ಬಾಯಿ ಮುಚ್ಚಿರುತ್ತಾರೆ.

ಮೂರನೆಯದಾಗಿ, ಮಗ ಅಮಾನತಾದನೆಂದು ಕೇಳಿದ ಕೂಡಲೇ ಅವನಿಗೆ ಬೈಯಬೇಡಿ. ಮೊದಲು ಅವನ ಮಾತು ಕೇಳಿ. ಆರೋಪವೇನು, ಅದನ್ನು ಬರೆದು ಕೊಟ್ಟಿದ್ದಾರೆಯೇ, ಅವನ ಉತ್ತರವನ್ನು ಯಾರಾದರೂ ಕೇಳಿದ್ದಾರೆಯೇ ಎಂದು ವಿಚಾರಿಸಿ. ತಪ್ಪು ಅವನದಾದರೆ ತಿದ್ದಿ. ಸತ್ಯ ಅವನ ಕಡೆಗಿದ್ದರೆ ಅವನ ಪಕ್ಕದಲ್ಲಿ ನಿಲ್ಲಿ. ಇದನ್ನು ನಾನು ಮಾಡಲಿಲ್ಲ.

ನಮ್ಮ ಸಮುದಾಯದ ಕಾಲೇಜುಗಳನ್ನು ನಡೆಸುವ ಹಿರಿಯರಲ್ಲೂ ಒಂದು ವಿನಂತಿ. ದಾನಿಗಳ ಬಾಗಿಲು ತಟ್ಟಿ, ಒಂದೊಂದೇ ಕಲ್ಲು ಕೂಡಿಸಿ ನೀವು ಕಟ್ಟಿದ ಕಟ್ಟಡಗಳ ಮೇಲೆ ನಿಮಗಿರುವ ಪ್ರೀತಿ ನಮಗೆ ಅರ್ಥವಾಗುತ್ತದೆ. ಅದರ ಹೆಸರು ಕೆಡಬಾರದೆಂಬ ಆತಂಕವೂ ಅರ್ಥವಾಗುತ್ತದೆ. ಆದರೆ ಹೆಸರು ಕೆಡುವುದು ನೀರು ಕೆಟ್ಟಿದೆ ಎಂದು ಬರೆದವನಿಂದಲೋ, ನೀರನ್ನು ಕೆಡಲು ಬಿಟ್ಟವರಿಂದಲೋ? ತಿಂಗಳಿಗೊಮ್ಮೆ ಒಂದು ಗಂಟೆ ವಿದ್ಯಾರ್ಥಿಗಳನ್ನು ಕೂರಿಸಿ ಅವರ ಮಾತು ಕೇಳಿ. ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವ ಧೈರ್ಯ ನಮ್ಮ ಸಮುದಾಯದ ಯುವಕರಲ್ಲಿ ಇರಬೇಕೆಂದು ವೇದಿಕೆಗಳಲ್ಲಿ ನಾವೇ ಭಾಷಣ ಮಾಡುತ್ತೇವೆ. ಆ ಧೈರ್ಯವನ್ನು ಅವರು ಎಲ್ಲಿ ಕಲಿಯಬೇಕು?

ಈ ವರ್ಷ ಅದೇ ಹುಡುಗನ ತಂಗಿಗೆ ಪದವಿ ಪ್ರವೇಶ. ಪೋಷಕರ ಜಾಗದಲ್ಲಿ ಸಹಿ ಹಾಕಲು ಉಮ್ಮ ಮತ್ತೆ ನನ್ನನ್ನೇ ಕರೆದರು. ಈ ಸಲ ಮುಚ್ಚಳಿಕೆಯನ್ನು ಮನೆಗೆ ತಂದು ಹುಡುಗಿಯ ಕೈಯಲ್ಲೇ ಜೋರಾಗಿ ಓದಿಸಿದೆವು. ಅಣ್ಣ ಬಾಗಿಲ ಬಳಿ ನಿಂತು ಕೇಳುತ್ತಿದ್ದ. ಒಂಬತ್ತನೆಯ ನಿಯಮ ಬಂದಾಗ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, "ಉಸ್ತಾದ್, ಅದರಡಿಗೆ ಗೆರೆ ಎಳೆಯಿರಿ" ಎಂದ. ಮರುದಿನ ಆ ಗೆರೆ ಎಳೆದ ಹಾಳೆಯನ್ನು ಹಿಡಿದು ಕಚೇರಿಗೆ ಹೋಗಿ, ಇದರಲ್ಲಿ ದೂರು ಅರ್ಜಿಯೂ ಸೇರುತ್ತದೆಯೇ ಎಂದು ಕೇಳಿದೆ. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ನೋಡಿದರು. "ಇದನ್ನು ಯಾರೂ ಓದುವುದಿಲ್ಲ ಸ್ವಾಮಿ" ಎಂದರು. ಆಮೇಲೆ ಎದ್ದು ಪ್ರಾಂಶುಪಾಲರ ಕೋಣೆಗೆ ಹೋಗಿ ಕೇಳಿಕೊಂಡು ಬಂದು, 'ದೂರು ಅರ್ಜಿಗಳಿಗೆ ಇದು ಅನ್ವಯಿಸುವುದಿಲ್ಲ' ಎಂದು ಅಂಚಿನಲ್ಲಿ ಬರೆದು ಮೊಹರು ಹಾಕಿಕೊಟ್ಟರು.

ಆಮೇಲೆ ನಾನು ಸಹಿ ಹಾಕಿದೆ.